ಮಣ್ಣು ಮೆತ್ತಿದ ತೂಕ

ಹೊಳೆಯ ದಂಡೆಗೆ ಅಂಟಿಕೊಂಡು ಒಂದು ಗರಡಿ. ಮೊದಲು ಅಲ್ಲಿ ಕುಸ್ತಿ ಆಡುತ್ತಿದ್ದರು, ಈಗ ಭಾರ ಎತ್ತುತ್ತಾರೆ. ಉಸ್ತಾದರು ಮಾತ್ರ ಅದೇ ಗದಿಗೆಪ್ಪನವರು.

ಎರಡು ವರ್ಷ ಈ ಕಡೆ ತಲೆ ಹಾಕದಿದ್ದ ಅಂಜಿನಿ ಒಂದು ಬೆಳಗ್ಗೆ ಬಂದು ಬಾಗಿಲಲ್ಲಿ ನಿಂತ. ವಯಸ್ಸು ಮೂವತ್ತನಾಲ್ಕು. ಮಂಡಕ್ಕಿ ಭಟ್ಟಿಯಲ್ಲಿ ಚೀಲ ಹೊರುವ ಕೆಲಸ. ಒಂದು ಕಾಲಕ್ಕೆ ನೆಲದ ಮೇಲಿನ ರಾಡಿಗೆ ಕೈ ಹಾಕಿ ಇನ್ನೂರ ನಲವತ್ತು ಕಿಲೋ ಎತ್ತಿ ನೆಟ್ಟಗೆ ನಿಂತವನು. ಆಮೇಲೆ ಸೊಂಟ ಎರಡು ಸಲ ಕೈಕೊಟ್ಟಿತು, ಭುಜ ಒಂದು ಸಲ.

"ಯಾಕ ಬಂದಿ?" ಎಂದರು ಉಸ್ತಾದರು.

"ಮತ್ತೆ ಶುರು ಮಾಡಬೇಕು ಉಸ್ತಾದ್ರೆ. ಈ ಸಲ ಮನಸಿಟ್ಟು ಮಾಡ್ತೀನಿ."

"ಹೋದ ಸಲ ಮನಸು ಎಲ್ಲಿಟ್ಟಿದ್ದಿ?"

ಅಂಜಿನಿ ನೆಲ ನೋಡಿದ.

"ಡಾಕ್ಟ್ರು ಏನಂದ್ರು?"

"ಇನ್ನೊಂದ್ಸಲ ಸೊಂಟ ಹೋದ್ರೆ ಚೀಲ ಹೊರೋದೂ ಬಿಡಬೇಕಾಗ್ತತಿ ಅಂದ್ರು."

"ಹೆಂಡ್ತಿ?"

"ಮಾತಾಡ್ತಿಲ್ಲ."

"ಡಾಕ್ಟ್ರಿಗಿಂತ ಬುದ್ಧಿವಂತಿ. ಮತ್ತೆ ಯಾಕ ಬಂದಿ?"

ಅಂಜಿನಿಗೆ ಹೇಳಲು ನಾಚಿಕೆಯಾಗುತ್ತಿತ್ತು.

"ಅವತ್ತು ಪಂದ್ಯದಾಗ ನನ್ನ ಸ್ಟ್ರೆಚರ್ ಮ್ಯಾಲೆ ಹೊತ್ಕಂಡು ಹೋದ್ರು ಉಸ್ತಾದ್ರೆ. ಕಣ್ಣು ಮುಚ್ಚಿದ್ರೆ ಅದೇ ಕಾಣ್ತತಿ. ಒಂದೇ ಒಂದ್ಸಲ ಆ ಪಂದ್ಯದ ಕಟ್ಟಿ ಹತ್ತಿ, ನನ್ನ ಕಾಲ ಮ್ಯಾಲೆ ನಾನೇ ನಡ್ಕಂಡು ಇಳೀಬೇಕು. ಅಷ್ಟೇ."

ಉಸ್ತಾದರು ಅವನನ್ನೇ ನೋಡಿದರು. ಅವರ ಬಲಗೈ ಭುಜದಿಂದಲೇ ಏಳುತ್ತಿರಲಿಲ್ಲ. ಅಂಗಿ ಹಾಕಿಕೊಳ್ಳುವಾಗ ಎಡಗೈಯಿಂದ ಅದನ್ನು ತೋಳಿಗೆ ತೂರಿಸಬೇಕಿತ್ತು. ಅದು ಹೇಗಾಯಿತೆಂದು ಗರಡಿಯಲ್ಲಿ ಯಾರೂ ಕೇಳಿದ್ದಿಲ್ಲ.

"ಮುಂದಿನ ವರ್ಷ ಜಿಲ್ಲಾ ಪಂದ್ಯ ಐತಿ," ಎಂದರು. "ನಾನು ನೋಡಬೇಕಾದ್ದು ನಿನ್ನಲ್ಲಿ ಕಂಡ್ರೆ ಹೆಸರು ಬರೀತೀನಿ."

"ಏನು ಕಾಣಬೇಕು? ಎಷ್ಟು ಕಿಲೋ?"

ಉಸ್ತಾದರು ಹಳೇ ಕುಸ್ತಿ ಅಖಾಡಕ್ಕೆ ಇಳಿದು, ಕೆಮ್ಮಣ್ಣಿಗೆ ನೀರು ಬೆರೆಸಿ, ಎಡಗೈ ತುಂಬ ತಂದರು. ಪ್ಲೇಟುಗಳ ಮೇಲೆ ಕೆತ್ತಿದ್ದ ಅಂಕಿಗಳಿಗೆಲ್ಲ ಮೆತ್ತಿದರು. ಅಂಚಿಗೂ ಬಳಿದರು. ದಪ್ಪ ಯಾವುದು, ತೆಳು ಯಾವುದು ತಿಳಿಯದ ಹಾಗೆ ಮಾಡಿದರು.

"ಹಾಕೋದು ನಾನು, ತೆಗೆಯೋದು ನಾನು. ನೀನು ಎತ್ತು. ಸಾಕು ಅಂತ ನಿನ್ನ ಸೊಂಟ ಹೇಳಿದ ಕೂಡ್ಲೆ ನಿಲ್ಲಿಸು."

ಅಂಜಿನಿಗೆ ಒಳಗೊಳಗೇ ನಗು ಬಂತು. ದಿನಾ ಚೀಲ ಹೊರುವವನಿಗೆ ತೂಕ ಮುಚ್ಚಿಡುತ್ತಾರಂತೆ!

ಆದರೆ ತಿಳಿಯಲಿಲ್ಲ. ಒಂದು ದಿನ ಹಗುರ ಅನ್ನಿಸಿದ್ದು ಮರುದಿನ ಹೆಣಭಾರ. ಭಟ್ಟಿಯಲ್ಲಿ ಹೊಗೆ ಕುಡಿದು ಬಂದ ದಿನ ಒಂದು ಥರ, ನಿದ್ದೆ ಬಂದ ದಿನ ಒಂದು ಥರ. ತಿಂಗಳುಗಳು ಹೀಗೇ ಕಳೆದವು. ಬೇಸರವಾಗುತ್ತಿತ್ತು. ಬೆಳಗ್ಗೆ ಏಳಲು ಮೈ ಒಪ್ಪುತ್ತಿರಲಿಲ್ಲ. ಆದರೂ ಬರುತ್ತಿದ್ದ.

"ಮೇಲಕ್ಕೆ ಹೋಗ್ತಿದ್ದೀನಾ, ಇಲ್ಲೇ ಇದ್ದೀನಾ ಉಸ್ತಾದ್ರೆ?"

"ಇವತ್ತು ಬಂದಿದ್ದಿ."

ಇದೂ ಒಂದು ಉತ್ತರವೇ ಎಂದು ಅಂಜಿನಿಗೆ ಮೈ ಉರಿಯಿತು.

ಒಂದು ದಿನ ಊರಲ್ಲಿ ಯಾರೋ ತೀರಿಕೊಂಡು, ಉಸ್ತಾದರು ಮಣ್ಣಿಗೆ ಹೋಗಿದ್ದರು. ಗರಡಿಯಲ್ಲಿ ಅಂಜಿನಿ ಒಬ್ಬನೇ. ಹಿಂದಿನ ದಿನದ ಪ್ಲೇಟುಗಳು ರಾಡಿನಲ್ಲೇ ಇದ್ದವು. ಅವನು ಹೆಬ್ಬೆರಳಿನಿಂದ ಒಂದರ ಮಣ್ಣು ಉಜ್ಜಿದ. ಆಮೇಲೆ ಇನ್ನೊಂದರದು. ಎಲ್ಲ ಕೂಡಿಸಿದರೆ ತೊಂಬತ್ತೈದು ಕಿಲೋ.

ಐದು ತಿಂಗಳು ಬೆವರು ಸುರಿಸಿ ತೊಂಬತ್ತೈದು! ಹಿಂದೆ ಮೈ ಬಿಸಿ ಮಾಡಿಕೊಳ್ಳಲು ಎತ್ತುತ್ತಿದ್ದ ತೂಕ ಅದು. ಅಂಜಿನಿಯ ಕಿವಿ ಕಾದವು. ಸಿಕ್ಕ ಪ್ಲೇಟುಗಳ ಮಣ್ಣು ಉಜ್ಜುತ್ತ ಒಂದೊಂದಾಗಿ ಹೇರಿದ. ನೂರ ಎಂಬತ್ತಾಯಿತು.

ಮೊದಲ ಸಲ ಎತ್ತಿದ. ಖುಷಿಯಾಯಿತು. ಎರಡನೇ ಸಲ ರಾಡು ಮೊಣಕಾಲ ಹತ್ತಿರ ಬಂದಾಗ ಸೊಂಟದ ಎಡಗಡೆ ಇರುವೆ ಹರಿದಂತೆ ಒಂದು ಎಳೆತ. ಗುರುತಿನ ಎಳೆತವೇ. ಹಲ್ಲು ಕಚ್ಚಿ ಎಳೆದ.

ಇರುವೆ ಕಚ್ಚಿತು.

ಹೇಗೋ ಪ್ಲೇಟುಗಳನ್ನು ಒಂದೊಂದೇ ತೆಗೆದು ಮೊದಲಿನಂತೆ ಇಟ್ಟ. ಅಂಕಿಗಳಿಗೆ ಮತ್ತೆ ಮಣ್ಣು ಮೆತ್ತಿದ. ಏನೂ ಆಗದವನಂತೆ ಮರುದಿನ ಗರಡಿಗೆ ಬಂದ.

ಉಸ್ತಾದರು ಜಗಲಿಯ ಮೇಲೆ ಕೂತಿದ್ದರು. ಅಂಜಿನಿ ಬಾಗಿಲ ಹೊರಗೆ ನಿಂತು, ಬಗ್ಗದೆ, ಒಂದು ಕಾಲಿನಿಂದ ಇನ್ನೊಂದು ಕಾಲಿನ ಚಪ್ಪಲಿ ಪಟ್ಟಿ ಜಾರಿಸಲು ಒದ್ದಾಡುತ್ತಿದ್ದ.

"ಎಷ್ಟು ಹಾಕಿದ್ದಿ?" ಎಂದರು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನೂರ ಎಂಬತ್ತು."

"ಎತ್ತಿದ್ಯಾ?"

"ಒಂದ್ಸಲ ಎತ್ತಿದೆ."

"ಇಪ್ಪತ್ತು ದಿನ ಮನೇಲಿ ಮಲಗು. ಆಮೇಲೆ ಬರೀ ರಾಡು."

ಬೈದಿದ್ದರೆ ಅಂಜಿನಿಗೆ ಸಮಾಧಾನವಾಗುತ್ತಿತ್ತು. "ಸಾಕಾಗೇತಿ ಉಸ್ತಾದ್ರೆ. ಎಷ್ಟು ಸಲ ಅಂತ ಮೊದಲಿಂದ ಶುರು ಮಾಡ್ಲಿ?"

ಉಸ್ತಾದರು ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು.

"ನಾನು ಒಂದ್ಸಲಾನೂ ಶುರು ಮಾಡಲಿಲ್ಲ," ಎಂದರು.

ಇಪ್ಪತ್ತು ದಿನ ಕಳೆದು ಅಂಜಿನಿ ಮತ್ತೆ ಬಂದ. ಬರೀ ರಾಡು ಎತ್ತಿದ. ಪಕ್ಕದಲ್ಲಿ ಮೀಸೆ ಚಿಗುರುವ ಹುಡುಗರು ಅವನ ಹಳೇ ತೂಕಗಳನ್ನು ಎತ್ತುತ್ತಿದ್ದರು. ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಅದಕ್ಕೇ ನೋಡುವುದು ಬಿಟ್ಟ. ಪ್ಲೇಟಿನ ಮಣ್ಣು ಒಣಗಿ ಬಿರಿದು ಅಂಕಿ ಕಂಡರೆ ತಾನೇ ನೀರು ಚಿಮುಕಿಸಿ ಮುಚ್ಚುತ್ತಿದ್ದ. ಹೆಂಡತಿ ಒಂದೆರಡು ಮಾತಾಡತೊಡಗಿದಳು, ಅದೂ ಬೈಯಲಿಕ್ಕೆ.

ಪಂದ್ಯಕ್ಕೆ ಹೆಸರು ಕಳಿಸುವ ಕೊನೆಯ ದಿನ ಬಂತು. ಉಸ್ತಾದರು ಕಾಗದ, ಪೆನ್ನು ಹಿಡಿದು ಕೂತರು. ಹುಡುಗರು ಒಬ್ಬೊಬ್ಬರಾಗಿ ಎತ್ತಿದರು. ಒಬ್ಬೊಬ್ಬರ ಹೆಸರೂ ಕಾಗದಕ್ಕೆ ಇಳಿಯಿತು.

"ಅಂಜಿನಿ, ಬಾ."

ಉಸ್ತಾದರೇ ಎದ್ದು ಮಣ್ಣು ಮೆತ್ತಿದ ಪ್ಲೇಟುಗಳನ್ನು ರಾಡಿಗೆ ಹಾಕಿದರು. ಒಂದು, ಎರಡು, ಮೂರು. ಹುಡುಗರು ಸುತ್ತ ನಿಂತರು. ಇದು ಎತ್ತದಿದ್ದರೆ ಇನ್ನು ಕಟ್ಟೆ ಹತ್ತುವ ಮಾತಿಲ್ಲ ಎಂದು ಅಂಜಿನಿಗೆ ಗೊತ್ತಿತ್ತು. ಮುಂದಿನ ವರ್ಷ ಮೈಯಲ್ಲಿ ಕಸುವು ಇರುತ್ತದೋ ಇಲ್ಲವೋ.

ಅವನು ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡ. ಬಗ್ಗಿ ರಾಡು ಹಿಡಿದ. ಉಸಿರು ತುಂಬಿಕೊಂಡ.

ರಾಡು ನೆಲ ಬಿಟ್ಟಿತು. ಮೊಣಕಾಲಿನ ತನಕ ಬಂತು.

"ಹಾ, ಅಣ್ಣಾ, ಎಳಿ, ಎಳಿ!" ಎಂದು ಹುಡುಗರು ಕೂಗಿದರು.

ಸೊಂಟದ ಎಡಗಡೆ ಇರುವೆ ಹರಿಯಿತು.

ಎಳೆದರೆ ಬರುತ್ತಿತ್ತು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇನ್ನು ಒಂದು ಗೇಣು ಅಷ್ಟೇ. ಕಣ್ಣಲ್ಲಿ ನೀರು ತುಂಬಿತು.

ಅವನು ರಾಡನ್ನು ಬಂದ ದಾರಿಯಲ್ಲೇ ಮೆಲ್ಲಗೆ ಕೆಳಗೆ ತಂದು ನೆಲಕ್ಕಿಟ್ಟ. ಸದ್ದೇ ಆಗಲಿಲ್ಲ.

ಹುಡುಗರ ಕೂಗು ನಿಂತಿತು. ಅಂಜಿನಿ ಯಾರ ಮುಖವನ್ನೂ ನೋಡದೆ, ಬಾಗಿಲ ತನಕ ನಡೆದು ಹೋಗಿ, ಬಗ್ಗಿ ಚಪ್ಪಲಿ ಹಾಕಿಕೊಂಡ. ಹಿಂದಿನಿಂದ ಪೆನ್ನು ಕಾಗದದ ಮೇಲೆ ಉಜ್ಜುವ ಸಪ್ಪಳ ಬಂತು. ತಿರುಗಿ ನೋಡಿದ. ಉಸ್ತಾದರು ಅವನ ಹೆಸರು ಬರೆಯುತ್ತಿದ್ದರು.

"ಉಸ್ತಾದ್ರೆ, ನಾನು ಎತ್ತಲೇ ಇಲ್ಲ."

ಗದಿಗೆಪ್ಪನವರು ಕಾಗದ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

"ಇಳಿಸಿದ್ಯಲ್ಲೋ," ಎಂದರು.