ನಗಾರಿಯವನ ನಗು

ಶಿಷ್ಯ ಕೇಳಿದ: "ಗುರುಗಳೇ, ನನ್ನ ಜೊತೆಗೇ ಪಾಠಕ್ಕೆ ಕೂತ ಗೆಳೆಯನನ್ನು ಈಗ ಎಲ್ಲರೂ ಹೊಗಳುತ್ತಾರೆ. ಅವನು ಒಳ್ಳೆಯವನು. ಅವನ ಏಳಿಗೆ ಕಂಡು ಸಂತೋಷಪಡಬೇಕೆಂದು ಎಷ್ಟು ಪ್ರಯತ್ನಪಟ್ಟರೂ ಆಗುತ್ತಿಲ್ಲ. ಏನು ಮಾಡಲಿ?"

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ದರ್ಜಿಯೂ ಒಬ್ಬ ಅಕ್ಕಸಾಲಿಯೂ ಇದ್ದರು. ಇಬ್ಬರಿಗೂ ಒಂದೇ ಹುಚ್ಚು. ಹೆಬ್ಬೆರಳಿನಷ್ಟು ಎತ್ತರದ ತವರದ ಗೊಂಬೆಗಳನ್ನು ಎರಕ ಹೊಯ್ದು, ಬಣ್ಣ ಹಚ್ಚಿ, ನವರಾತ್ರಿಯಲ್ಲಿ ಊರ ಛತ್ರದೊಳಗೆ ಜೋಡಿಸಿಡುತ್ತಿದ್ದರು. ಒಂದು ಹಲಗೆಯ ಮೇಲೆ ದರ್ಜಿಯ ಮೆರವಣಿಗೆ, ಎದುರು ಹಲಗೆಯ ಮೇಲೆ ಅಕ್ಕಸಾಲಿಯ ಮೆರವಣಿಗೆ. ನೋಡಲು ಬಂದವರು ತಮಗೆ ಹಿಡಿಸಿದ ಹಲಗೆಯ ಮುಂದೆ ಒಂದು ಚೆಂಡುಹೂವು ಇಟ್ಟು ಹೋಗುತ್ತಿದ್ದರು. ಬೇರೆ ಬಹುಮಾನವೇನೂ ಇರಲಿಲ್ಲ. ಆ ಹೂವಿನ ರಾಶಿಗಾಗಿಯೇ ಇಬ್ಬರೂ ವರ್ಷವಿಡೀ ದುಡಿಯುತ್ತಿದ್ದರು. ಬೀದಿಯಲ್ಲಿ ಎದುರಾದರೆ ನಮಸ್ಕಾರ ಮಾಡುತ್ತಿದ್ದರು. ಮನೆಗೆ ಮಾತ್ರ ಕರೆಯುತ್ತಿರಲಿಲ್ಲ.

ಒಂದು ವರ್ಷ ಹಬ್ಬ ಹತ್ತಿರವಾದಾಗ ಅಕ್ಕಸಾಲಿ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡ. ಸುದ್ದಿ ದರ್ಜಿಯ ಕಿವಿಗೆ ಬಿತ್ತು. ಅವನು ನೋಡಲು ಹೋದ. ಅರ್ಧ ಮರ್ಯಾದೆಗೆ ಹೋದ, ಇನ್ನರ್ಧ ಕೈ ನಿಜವಾಗಿ ಮುರಿದಿದೆಯೇ ಎಂದು ನೋಡಲು ಹೋದ.

ಕೈ ಮುರಿದಿತ್ತು. ಗೋಡೆಯ ಪಕ್ಕದ ಹಲಗೆಯ ಮೇಲೆ ಆ ವರ್ಷದ ಗೊಂಬೆಗಳು ನಿಂತಿದ್ದವು. ಎರಕ ಮುಗಿದಿತ್ತು, ಬಣ್ಣ ಬಿದ್ದಿರಲಿಲ್ಲ. ಆನೆ, ಕುದುರೆ, ಛತ್ರಿ ಹಿಡಿದವರು, ಎಲ್ಲವೂ ಬೂದಿಯ ಬಣ್ಣದಲ್ಲಿದ್ದವು. ಎಲ್ಲರ ಮುಂದೆ ಒಬ್ಬ ನಗಾರಿಯವನು ಬಾಯಿ ತುಂಬಾ ನಗುತ್ತಿದ್ದ. ಅಷ್ಟು ಚಿಕ್ಕ ಮುಖದಲ್ಲಿ ಅಷ್ಟು ದೊಡ್ಡ ನಗುವನ್ನು ದರ್ಜಿ ಎಂದೂ ಕಂಡಿರಲಿಲ್ಲ.

"ಈ ಸಲ ನಿನ್ನದೊಂದೇ ಹಲಗೆ" ಎಂದ ಅಕ್ಕಸಾಲಿ.

"ಕೊಡು, ನಾನು ಬಣ್ಣ ಹಚ್ಚುತ್ತೇನೆ" ಎಂದುಬಿಟ್ಟ ದರ್ಜಿ.

ಮಾತು ಬಾಯಿಂದ ಹೊರಟುಹೋಗಿತ್ತು. ಗೊಂಬೆಗಳ ಬುಟ್ಟಿ ಹೊತ್ತು ಮನೆಗೆ ಬರುವ ದಾರಿಯಲ್ಲಿ ದರ್ಜಿ ತನ್ನನ್ನು ತಾನೇ ಬೈದುಕೊಂಡ.

ಲೋಹದ ಗೊಂಬೆಗೆ ಬಣ್ಣ ಹಚ್ಚುವ ಮೊದಲೇ ಬಹಳ ಕೆಲಸವಿದೆ. ಅಚ್ಚಿನ ಎರಡು ಹೋಳು ಕೂಡಿದಲ್ಲಿ ಮೈಮೇಲೆ ಗೆರೆಯೊಂದು ಉಳಿದಿರುತ್ತದೆ. ಅದನ್ನು ಅರದಿಂದ ಉಜ್ಜಿ ತೆಗೆಯಬೇಕು. ಸೀಗೆಕಾಯಿ ನೀರಿನಲ್ಲಿ ತೊಳೆದು ಜಿಡ್ಡು ಬಿಡಿಸಬೇಕು. ಒಣಗಿದ ಮೇಲೆ ತೆಳ್ಳಗೆ ಬಿಳಿ ಬಳಿಯಬೇಕು. ಆಮೇಲೆ ಬಣ್ಣ. ತೊಳೆಯದಿದ್ದರೂ ಬಣ್ಣ ಹಿಡಿಯುತ್ತದೆ, ಮೊದಲ ದಿನ ಚೆನ್ನಾಗಿಯೇ ಕಾಣುತ್ತದೆ. ಹಬ್ಬ ಮುಗಿಯುವುದರೊಳಗೆ ಚಕ್ಕೆ ಏಳುತ್ತದೆ.

ಇದು ದರ್ಜಿಗೆ ಚೆನ್ನಾಗಿ ಗೊತ್ತಿತ್ತು. ಅವನು ಮೊದಲು ಆನೆಯನ್ನು ಎತ್ತಿಕೊಂಡ. ಉಜ್ಜಲಿಲ್ಲ, ತೊಳೆಯಲಿಲ್ಲ. ಬಣ್ಣ ಬಳಿದು ಒಣಗಲು ಇಟ್ಟ. ಬಣ್ಣ ಎದ್ದರೆ ಎರಕದ ತಪ್ಪೆಂದುಕೊಳ್ಳುತ್ತಾರೆ, ತನ್ನನ್ನು ಯಾರು ಕೇಳುತ್ತಾರೆ ಎಂದುಕೊಂಡ.

ಆಮೇಲೆ ನಗಾರಿಯವನನ್ನು ಕೈಗೆತ್ತಿಕೊಂಡ. ಅಚ್ಚಿನ ಗೆರೆ ಸರಿಯಾಗಿ ಅವನ ಕೆನ್ನೆಯ ಮೇಲೆ ಹಾದು ತುಟಿಯ ತುದಿಯನ್ನು ಸೀಳಿತ್ತು. ನಗು ಅಲ್ಲಿಗೆ ಬಂದು ಮುರಿಯುತ್ತಿತ್ತು. ದರ್ಜಿ ಗೊಂಬೆಯನ್ನು ಕೆಳಗಿಟ್ಟ. ಮತ್ತೆ ಎತ್ತಿಕೊಂಡ. ಇದೊಂದನ್ನು ಹೀಗೆ ಬಿಡಲಾಗದು ಎನ್ನಿಸಿತು. ಸಣ್ಣ ಅರ ತೆಗೆದು ಉಸಿರು ಬಿಗಿಹಿಡಿದು ಗೆರೆಯನ್ನು ಉಜ್ಜಿದ. ಕೆನ್ನೆ ನುಣುಪಾಯಿತು. ತೊಳೆದ, ಒಣಗಿಸಿದ, ಬಿಳಿ ಬಳಿದ. ಕೆಲವೇ ಕೂದಲಿನ ಕುಂಚದಲ್ಲಿ ತುಟಿಗೆ ಕೆಂಪು ಇಟ್ಟ, ಹಲ್ಲಿಗೆ ಬಿಳಿ ಮುಟ್ಟಿಸಿದ. ನಗಾರಿಯವನು ನಕ್ಕುಬಿಟ್ಟ. ದರ್ಜಿಗೂ ನಗು ಬಂತು. ಹೆಂಡತಿಯನ್ನು ಕೂಗಿ ಕರೆದ. ಅವಳು ನೋಡಿದಳು, ಅವಳೂ ನಕ್ಕಳು.

ಅವಳು ಒಳಗೆ ಹೋದ ಮೇಲೆ ದರ್ಜಿ ಆನೆಯತ್ತ ನೋಡಿದ. ನಾಚಿಕೆಯಾಯಿತು. ಬಳಿದ ಬಣ್ಣವನ್ನೆಲ್ಲ ಕೆರೆದು ತೆಗೆದು, ಆನೆಯನ್ನು ತೊಳೆಯಲು ಕೂತ.

ಅಲ್ಲಿಂದ ಅವನ ಕೈ ನಿಲ್ಲಲಿಲ್ಲ. ರವಿಕೆ ಹೊಲಿದು ಮಿಕ್ಕ ರೇಷ್ಮೆಯ ಚೂರುಗಳನ್ನು ಎದುರಿಗಿಟ್ಟುಕೊಂಡು, ಛತ್ರಿಗಳಿಗೆ ಅದೇ ಬಣ್ಣ ಕಲಸಿದ. ಕುದುರೆಯ ಜೀನಿಗೆ ಅಂಚು ಬರೆದ. ಹೆಂಡತಿ ಕೇಳಿದಳು: "ನಿಮ್ಮ ಗೊಂಬೆಗಳು ಯಾವಾಗ?" "ಆಗುತ್ತೆ, ಆಗುತ್ತೆ" ಎಂದ. ಆಗಲಿಲ್ಲ. ಹಬ್ಬ ಬಂದಾಗ ಅವನ ಹಲಗೆಯ ಹಿಂದಿನ ಸಾಲು ಬರಿಯ ಬಿಳಿಯಲ್ಲೇ ಉಳಿದಿತ್ತು.

ಛತ್ರದಲ್ಲಿ ಜನ ಬಂದರು. ಅಕ್ಕಸಾಲಿಯ ಹಲಗೆಯ ಮುಂದೆ ಹೂವು ಬಿದ್ದವು. ರಾಶಿ ಬೆಳೆದು ಆನೆಯ ಕಾಲು ಮುಚ್ಚಿತು. ದರ್ಜಿ ತನ್ನ ಹಲಗೆಯನ್ನು ಬಿಟ್ಟು ಆ ರಾಶಿಯ ಪಕ್ಕದಲ್ಲೇ ನಿಂತಿದ್ದ. ಬಂದವರಿಗೆಲ್ಲ, "ನಗಾರಿಯವನನ್ನು ನೋಡಿ, ಸ್ವಲ್ಪ ಬಗ್ಗಿ ನೋಡಿ" ಎನ್ನುತ್ತಿದ್ದ. ಒಬ್ಬ ಮುದುಕಿ ಬಗ್ಗಿ ನೋಡಿ, ನಕ್ಕು, ಕೆಮ್ಮಿ, ಮತ್ತೆ ನಕ್ಕಳು. ದರ್ಜಿ ಅವಳಿಗೆ ನೀರು ತಂದುಕೊಟ್ಟು, ಇನ್ನೊಮ್ಮೆ ತೋರಿಸಿದ.

ಅಕ್ಕಸಾಲಿ ಮುರಿದ ಕೈಯನ್ನು ಬಟ್ಟೆಯಿಂದ ಕೊರಳಿಗೆ ಕಟ್ಟಿಕೊಂಡು ಬಂದ. ತುಂಬ ಹೊತ್ತು ಗೊಂಬೆಗಳನ್ನು ನೋಡಿದ. ಆಮೇಲೆ, "ಈ ನಗು ನಾನು ಎರಕ ಹೊಯ್ದದ್ದಕ್ಕಿಂತ ದೊಡ್ಡದಾಗಿದೆ" ಎಂದ.

"ನೀನು ಕೊಟ್ಟದ್ದನ್ನು ನಾನು ತೊಳೆದೆ, ಅಷ್ಟೆ" ಎಂದ ದರ್ಜಿ.

ಆ ದಿನ ಅಕ್ಕಸಾಲಿ ಅವನನ್ನು ಊಟಕ್ಕೆ ಮನೆಗೆ ಕರೆದುಕೊಂಡು ಹೋದ. ಹೋಳಿಗೆ ಬಡಿಸುತ್ತಿದ್ದಷ್ಟು ಹೊತ್ತೂ ಇಬ್ಬರೂ ಮುಂದಿನ ವರ್ಷ ಕೂಡಿ ಜೋಡಿಸುವ ಒಂದೇ ಹಲಗೆಯ ಮಾತಾಡುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಹೇಳಿದ: "ಆ ದರ್ಜಿ ಪುಣ್ಯವಂತ. ಗೆಳೆಯನ ವಿಷಯದಲ್ಲಿ ನನಗೆ ಮಾತ್ರ ಅಂಥ ಸಂತೋಷ ಏಕೆ ಹುಟ್ಟುವುದಿಲ್ಲ?"

ಗುರುಗಳು ಕೇಳಿದರು: "ಅವನಿಗಾಗಿ ನಿನ್ನ ಕೈ ಇದುವರೆಗೆ ಏನು ಮಾಡಿದೆ?"