ಮೂಲೆ ಮಡಚಿದ ಪುಟ

ಕೊಟ್ರಪ್ಪ ಮೇಷ್ಟ್ರು ಒಂದೇ ವರ್ಷದಲ್ಲಿ ಬರೆದ ಮೂರು ಕವನ ಸಂಕಲನಗಳು ಬಿಡುಗಡೆಯಾದ ಮರುದಿನವೇ ಊರಿನ ಗ್ರಂಥಾಲಯಕ್ಕೆ ಬಂದವು. ಕಪಾಟಿನಲ್ಲಿ ಅವುಗಳ ಸಂಭ್ರಮವೋ ಸಂಭ್ರಮ.

"ಅಧ್ಯಕ್ಷರು ನನ್ನನ್ನು ಅನರ್ಘ್ಯ ರತ್ನ ಎಂದರು!" ಎಂದಿತು ಮೊದಲನೆಯದು.

"ನನ್ನನ್ನು ಎತ್ತಿ ಹಿಡಿದು ಆರು ಫೋಟೊ ತೆಗೆಸಿಕೊಂಡರು!" ಎಂದಿತು ಎರಡನೆಯದು.

ಪಕ್ಕದಲ್ಲೇ ಮೇಷ್ಟ್ರ ಮೊಟ್ಟಮೊದಲ ಸಂಕಲನವಿತ್ತು. ಅದರ ಬೆನ್ನು ಹರಿದಿತ್ತು, ಮೈತುಂಬ ಚಹಾದ ಕಲೆಗಳಿದ್ದವು. "ನಿಮ್ಮಲ್ಲಿನ ಒಂದು ಪದ್ಯವನ್ನಾದರೂ ಯಾರಾದರೂ ಓದಿದರೋ?" ಎಂದು ಅದು ಕೇಳಿತು.

"ಅದಕ್ಕೆಲ್ಲ ಸಮಯ ಎಲ್ಲಿತ್ತು? ಹನ್ನೊಂದು ಭಾಷಣಗಳಿದ್ದವು!"

ಅಷ್ಟರಲ್ಲಿ ದರ್ಜಿ ಪೀರಾಸಾಬ್ ಬಂದು ಮೂರನೆಯದನ್ನು ಎಳೆದುಕೊಂಡರು. ನಿಂತಲ್ಲೇ ಓದಿದರು, ನಕ್ಕರು, ಅದೇ ಪದ್ಯವನ್ನು ಮತ್ತೊಮ್ಮೆ ಓದಿದರು. ದಿನವಿಡೀ ಬಟ್ಟೆಯ ಅಂಚು ಮಡಚುವ ಅವರ ಬೆರಳು ಪುಟದ ಮೂಲೆಯನ್ನೂ ಮಡಚಿತು.

"ಅಯ್ಯಯ್ಯೋ, ನನ್ನ ಹೊಸ ಪುಟ!" ಎಂದು ಪುಸ್ತಕ ಚೀರಿತು.

"ಸುಮ್ಮನಿರೋ, ನಿನಗೆ ಸಿಕ್ಕ ಮೊದಲ ಹೊಗಳಿಕೆ ಅದೇ," ಎಂದಿತು ಹಳೆಯದು.

ಪೀರಾಸಾಬ್ ಅದನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು. ಅನರ್ಘ್ಯ ರತ್ನವೂ ಆರು ಫೋಟೊದ್ದೂ ಒಟ್ಟಿಗೇ ಕೂಗಿದವು: "ಸಾಹೇಬ್ರೇ, ನಮ್ಮದೂ ಒಂದು ಪುಟ ಮಡಚಿ ಹೋಗಿ!"