ಅರಳೆ ಎಕ್ಕುವವನ ಉಸಿರು

"ಅಜ್ಜಯ್ಯ, ಹತ್ತು ಜನಕ್ಕೆ ಹಿಡಿದ ಪಾಠ ಒಬ್ಬಳಿಗೆ ಹಿಡಿಯದಿದ್ದರೆ ತಪ್ಪು ಯಾರದು?"

ಕೇಳಿದವನು ಶಿಷ್ಯ ನಿಜಲಿಂಗ. ಮಠದ ಜಗಲಿಯಲ್ಲಿ ದಿನಾ ಬೆಳಿಗ್ಗೆ ಊರವರಿಗೆ ಉಸಿರಾಟದ ಅಭ್ಯಾಸ ಮಾಡಿಸುವುದು ಅವನ ಕೆಲಸ. ಎಲ್ಲರಿಗೂ ಒಂದೇ ಪಾಠ. ಎದೆ ತುಂಬ ಎಳೆದುಕೊಂಡು, ಮೂಗು ಮುಚ್ಚಿ, ಹದಿನಾರು ಎಣಿಸಬೇಕು. ಬಳೆ ಮಾರುವ ಹಾಲವ್ವನಿಗೆ ಮಾತ್ರ ಎಂಟಕ್ಕೇ ಮುಖ ಕಪ್ಪಿಡುತ್ತಿತ್ತು. ಮೂರು ತಿಂಗಳಿಂದ ಹೇಳಿ ಹೇಳಿ ಅವನಿಗೆ ಸಾಕಾಗಿತ್ತು.

"ಅವಳು ಮನಸ್ಸಿಟ್ಟು ಮಾಡುತ್ತಿಲ್ಲ. ನಾಳೆ ಪಕ್ಕದಲ್ಲೇ ಕೂತು ಹದಿನಾರು ಮುಟ್ಟಿಸಿಯೇ ಬಿಡಬೇಕು ಅಂತಿದ್ದೇನೆ."

ಅಜ್ಜಯ್ಯ ಕಂಬಕ್ಕೆ ಒರಗಿದ. ಇಂಥ ಪ್ರಶ್ನೆಗಳಿಗೆ ಉತ್ತರ ಹೇಳಿ ಅವನೂ ದಣಿದಿದ್ದ.

"ಕೂತುಕೋ ತಮ್ಮಾ. ಒಂದು ಕತೆ ಕೇಳು. ಆಮೇಲೆ ನಿನ್ನಿಷ್ಟ."

ಒಂದೂರಲ್ಲಿ ಒಬ್ಬ ಮುಳುಗುಗಾರನಿದ್ದ. ಬಾವಿಗೆ ಬಿದ್ದ ಕೊಡ ತೆಗೆದುಕೊಡುವುದು ಅವನ ಕಸುಬು. ಅವನ ಉಸಿರು ಅಂಥಿಂಥದ್ದಲ್ಲ. ಒಮ್ಮೆ ಹಾಗೇ ಇಳಿದ. ಮೇಲೆ ಹೆಂಗಸರು ಕಾದರು. ಕಾದು ಬೇಸತ್ತು ಮನೆಗೆ ಹೋದರು, ರೊಟ್ಟಿ ತಟ್ಟಿದರು, ಉಂಡರು, ಪಾತ್ರೆ ತೊಳೆದಿಟ್ಟು ಬಾವಿಗೆ ಬಂದರು. ಆಗ ಎದ್ದ. ಒಂದು ಕೈಯಲ್ಲಿ ಕೊಡ, ಇನ್ನೊಂದು ಕೈಯಲ್ಲಿ ಅವರ ಅತ್ತೆಯಂದಿರ ಕಾಲದ ತಂಬಿಗೆ. "ಇದನ್ನು ಹುಡುಕೋದಕ್ಕೆ ಸ್ವಲ್ಪ ತಡವಾಯಿತು" ಅಂದನಂತೆ.

ಅವನ ಪಕ್ಕದ ಮನೆಯವನು ಅರಳೆ ಎಕ್ಕುವವನು. ಮೂವತ್ತು ವರ್ಷ ಬಿಲ್ಲಿನ ಹುರಿಗೆ ಕೊಡತಿ ಬಡಿದು ಹತ್ತಿ ಹಿಂಜಿದ್ದ. ಹತ್ತಿಯ ದೂಳೆಲ್ಲ ಎದೆಯಲ್ಲೇ ಮನೆ ಮಾಡಿತ್ತು. ನಾಲ್ಕು ಹೆಜ್ಜೆಗೆ ಏದುಸಿರು. ಆದರೂ ಅವನ ಕೆಲಸ ನಿಂತಿರಲಿಲ್ಲ. ಅವನಿಗೆ ಅವನದೇ ಒಂದು ದಾರಿಯಿತ್ತು. ಮೂಗಿನಿಂದ ಚೂರೇ ಚೂರು ಎಳೆದುಕೊಳ್ಳುವುದು. ತುಟಿ ಚೂಪು ಮಾಡಿ, ಬಿಸಿ ಗಂಜಿ ಆರಿಸುವವರ ಹಾಗೆ, ಸಣ್ಣಗೆ ಉದ್ದಕ್ಕೆ ಬಿಡುವುದು. ಬಿಡುವಾಗಲೇ ಹುರಿಗೆ ಮೂರು ಪೆಟ್ಟು. ಆಮೇಲೆ ಮೊಣಕಾಲಿಗೆ ಮೊಣಕೈ ಊರಿ ಸುಧಾರಿಸಿಕೊಳ್ಳುವುದು. ಯಾರೂ ಕಲಿಸಿದ್ದಲ್ಲ. ಸೋತು ಸೋತು ತಾನೇ ಕಂಡುಕೊಂಡದ್ದು. ಮನೆಯ ಒಲೆ ಉರಿಯುತ್ತಿದ್ದುದು ಅದರಿಂದಲೇ.

ಮುಳುಗುಗಾರ ಅದನ್ನು ಕಂಡು ನಕ್ಕ.

"ಏನು ಭಾವಾ, ಕೇರೆ ಹಾವಿನ ಹಾಗೆ ಬುಸುಗುಡ್ತೀಯ? ಗಂಡಸಾದವನು ಎದೆ ತುಂಬ ತುಂಬಿಕೊಂಡು ಬಾಯಿ ಮುಚ್ಚಬೇಕು. ನಾನು ಎಣಿಸ್ತೀನಿ, ನೀನು ಹಿಡಿ."

"ನನಗೆ ಒಳಗೆ ಬರೋದು ಕಷ್ಟವಲ್ಲ ಭಾವ. ಹೊರಗೆ ಹೋಗೋದೇ ಕಷ್ಟ."

"ಹೆದರಿದವರೆಲ್ಲ ಹೀಗೇ ಹೇಳೋದು."

ಅರಳೆಯವನಿಗೆ ನಾಚಿಕೆಯಾಯಿತು. ಊರೆಲ್ಲ ಕೊಂಡಾಡುವ ಎದೆ ಅದು. ತನ್ನದು ಸೀಟಿ ಹೊಡೆಯುವ ಎದೆ. ತನ್ನ ಹಳೆಯ ದಾರಿ ಬಿಟ್ಟ. ಮೊದಲ ದಿನ ಹತ್ತರವರೆಗೆ ಹಿಡಿದ. ಮುಳುಗುಗಾರ ಬೆನ್ನು ತಟ್ಟಿದ. ಮರುದಿನ ಹದಿನೈದು. ತಲೆ ಸುತ್ತಿತು, ಹೇಳಲಿಲ್ಲ. ನಾಲ್ಕನೆಯ ದಿನ ಕೊಡತಿ ಎತ್ತಲಾಗಲಿಲ್ಲ, ಅದನ್ನೂ ಹೇಳಲಿಲ್ಲ. ಎಂಟನೆಯ ದಿನ ಎಣಿಕೆ ಇಪ್ಪತ್ತೆರಡಕ್ಕೆ ಬಂದಾಗ ತುಟಿ ನೀಲಿಯಾಗಿ ಹತ್ತಿಯ ರಾಶಿಯ ಮೇಲೆ ಒರಗಿದ.

ಹೆಂಡತಿ ಓಡಿ ಬಂದಳು. ಎತ್ತಿ ಕೂರಿಸಿ, ಅವನ ಮೊಣಕೈಗಳನ್ನು ಮೊಣಕಾಲ ಮೇಲೆ ಊರಿಸಿ, ತಾನೂ ತುಟಿ ಚೂಪು ಮಾಡಿ ಊದಿ ತೋರಿಸಿದಳು. ಅವನು ಅವಳ ಬಾಯನ್ನೇ ನೋಡುತ್ತ ಊದಿದ. ಬಹಳ ಹೊತ್ತಿನ ಮೇಲೆ ಬಣ್ಣ ಮರಳಿತು.

ಜೀವ ಉಳಿಯಿತು. ಆದರೆ ಆ ಹಂಗಾಮಿನಿಂದ ಅವನು ಬಿಲ್ಲು ಹಿಡಿಯಲಿಲ್ಲ. ಹೆಂಡತಿಯೇ ಕೊಡತಿ ಹಿಡಿದಳು.

ಮುಳುಗುಗಾರ ತಲೆ ತಗ್ಗಿಸಿ, "ಅವನು ಒಂದು ಮಾತು ಹೇಳಬಾರದಿತ್ತೇ ತಂಗೀ?" ಅಂದ.

"ಹೊರಗೆ ಹೋಗೋದೇ ಕಷ್ಟ ಅಂತ ಮೊದಲೇ ಹೇಳಿದ್ರಂತಲ್ಲ ಅಣ್ಣ. ನೀವು ಎಣಿಸ್ತಿದ್ರಂತೆ."

ಅಜ್ಜಯ್ಯ ಕತೆ ನಿಲ್ಲಿಸಿದ.

ನಿಜಲಿಂಗನಿಗೆ ಸ್ವಲ್ಪ ಸಿಟ್ಟೇ ಬಂತು. ಮೂರು ತಿಂಗಳು ಬೆಳಗಿನ ಚಳಿಯಲ್ಲಿ ಕೂತದ್ದಕ್ಕೆ ಸಿಕ್ಕಿದ್ದು ಇದೇ ಎನಿಸಿತು.

"ಆ ಮುಳುಗುಗಾರ ಏನೂ ತಿಳಿಯದವನು, ಅಜ್ಜಯ್ಯ. ನನ್ನದು ನೀವೇ ಕಲಿಸಿದ ಪಾಠ. ಹಾಲವ್ವನ ಒಳ್ಳೆಯದಕ್ಕೇ ಹೇಳಿಕೊಡುತ್ತಿದ್ದೇನೆ."

ಅಜ್ಜಯ್ಯ ಕಣ್ಣು ಮುಚ್ಚಿಕೊಂಡೇ ಕೇಳಿದ:

"ಹಾಲವ್ವ ದಿನಾ ನಿನ್ನೆದುರೇ ಜಗಲಿಯಲ್ಲಿ ಬಳೆಯ ಹೊರೆ ಇಳಿಸಿದ ಮೇಲೆ ಹೇಗೆ ಕೂತು ಸುಧಾರಿಸಿಕೊಳ್ಳುತ್ತಾಳೆ, ಹೇಳು."

ನಿಜಲಿಂಗ ನೆನಪು ಮಾಡಿಕೊಳ್ಳಲು ನೋಡಿದ. ಆಗಲಿಲ್ಲ.